ಚಿಗವ್ವನ ಎದುರಿಗೆ ಕೂತವರು

ಚಿಗವ್ವನ ತಲೆಯಲ್ಲಿ ಹಣಿಗೆ ಸಿಕ್ಕಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಬಾಚಿಕೊಳ್ಳಲು ಕೂತವಳು ಅರ್ಧ ಬಾಚುವಷ್ಟರಲ್ಲಿ ಹಿತ್ತಲಲ್ಲಿ ಎಮ್ಮೆ ಕೂಗಿದರೆ ಎದ್ದು ಹೋಗುವಳು. ಎಮ್ಮೆಗೆ ಹಿಂಡಿ ಕಲಸುತ್ತಿರುವಾಗ ಓಣಿಯಲ್ಲಿ ಬಳೆಗಾರನ ದನಿ ಕೇಳಿದರೆ ಹಿಂಡಿಯ ಕೈಯಲ್ಲೇ ಬಾಗಿಲಿಗೆ ಓಡುವಳು. ಬಾಚಿದ ಅರ್ಧ ಕೂದಲು ಒಂದು ಹೆಗಲ ಮೇಲೆ, ಸಿಕ್ಕು ಬಿಡಿಸದ ಅರ್ಧ ಇನ್ನೊಂದು ಹೆಗಲ ಮೇಲೆ, ನಡುವೆ ಆ ಮರದ ಹಣಿಗೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರಾದರೂ ನಕ್ಕರೆ ಕೈಯೆತ್ತಿ ಮುಟ್ಟಿ ನೋಡಿಕೊಂಡು, "ಅಯ್ಯ, ಇಲ್ಲೇ ಐತಲ್ಲ! ಮುಂಜಾನಿಂದ ಹುಡಕಾಕತ್ತೇನಿ" ಎಂದು ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು.

ನಾನು ಚಿಗವ್ವ ಎನ್ನುತ್ತಿರುವುದು ನನ್ನನ್ನು ಹೆತ್ತವಳನ್ನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲಗೇರಿಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿ ಇದ್ದರು. ಅಂಥ ಮನೆಗಳಲ್ಲಿ ಹಿರಿಯ ಮಕ್ಕಳು ಯಾರನ್ನು ಏನೆಂದು ಕರೆಯುತ್ತಾರೋ ಕಿರಿಯ ಮಕ್ಕಳಿಗೂ ಅದೇ ಬಾಯಿಗೆ ಬರುತ್ತದೆ. ದೊಡ್ಡಪ್ಪನ ಮಗ ನನ್ನ ತಾಯಿಯನ್ನು ಚಿಗವ್ವ ಎಂದ, ನಾನೂ ಹಾಗೇ ಎಂದೆ. ಅವನು ತನ್ನ ತಾಯಿಯನ್ನು ಅವ್ವ ಎಂದ, ನಾನೂ ಆಕೆಯನ್ನೇ ಅವ್ವ ಎಂದೆ. ಹೆತ್ತ ತಂದೆ ನನಗೆ ಕಾಕಾ ಆದ. ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ. ಬೇರೆ ಮನೆಗಳಲ್ಲಿ ಕರೆಯುವುದಷ್ಟೇ ಬೇರೆ, ಮಗು ತಾಯಿಯ ಮಡಿಲಲ್ಲೇ ಬೆಳೆಯುತ್ತದೆ. ನನ್ನ ವಿಷಯದಲ್ಲಿ ಮಡಿಲೂ ಬದಲಾಯಿತು. ಅದಕ್ಕೆ ಕಾರಣವಾದದ್ದು ಒಂದು ಎಮ್ಮೆಯ ಕರು.

ನಾನಿನ್ನೂ ಅಂಬೆಗಾಲಿಡುವ ಕೂಸು. ಚಿಗವ್ವ ಬಟ್ಟೆಯ ಬುಟ್ಟಿಯ ಜೊತೆಗೆ ನನ್ನನ್ನೂ ಎತ್ತಿಕೊಂಡು ಕೆರೆಗೆ ಹೋಗಿದ್ದಳು. ಗಿಡದ ನೆರಳಿನಲ್ಲಿ ಕೌದಿ ಹಾಸಿ ನನ್ನನ್ನು ಮಲಗಿಸಿದಳು. ಬಟ್ಟೆ ಒಗೆದು ಹಿಂಡುವ ಹೊತ್ತಿಗೆ ಯಾರದೋ ಎಮ್ಮೆಯ ಕರು ಕೆರೆಯ ರಾಡಿಯಲ್ಲಿ ಹುಗಿದುಕೊಂಡು ಒದರತೊಡಗಿತು. ದಂಡೆಯ ಮೇಲಿದ್ದವರು ಏನು ಮಾಡುವುದೆಂದು ನೋಡುತ್ತ ನಿಂತಾಗ ಚಿಗವ್ವ ಸೀರೆ ಎತ್ತಿ ಕಟ್ಟಿ ರಾಡಿಗೆ ಇಳಿದಳು. ಕರುವಿನ ಹೊಟ್ಟೆಯ ಕೆಳಗೆ ಒಗೆದಿಟ್ಟ ಸೀರೆಯೊಂದನ್ನು ಹಾಯಿಸಿ, ಇನ್ನಿಬ್ಬರನ್ನು ಗದರಿಸಿ ಕರೆದು, ಎಳೆಸಿ ಎಳೆಸಿ ಅದನ್ನು ಮೇಲಕ್ಕೆ ತಂದಳು. ಕರುವಿನ ಒಡೆಯ ಕೈಮುಗಿದನಂತೆ. ಅದೇ ಹುರುಪಿನಲ್ಲಿ ಬುಟ್ಟಿ ಹೊತ್ತು ಮನೆಗೆ ಬಂದು, ಬಟ್ಟೆ ಹರವುತ್ತ, ಕರುವಿನ ಕಥೆಯನ್ನು ಕೈ ತಿರುಗಿಸಿ ಕಣ್ಣು ಅರಳಿಸಿ ಹೇಳಿದಳು. ಅಜ್ಜಿ, ಅವ್ವ ಇಬ್ಬರೂ ನಕ್ಕು ನಕ್ಕು ಸುಸ್ತಾದರು. ನಗುತ್ತಲೇ ಅಜ್ಜಿ ಕೇಳಿದಳು, "ಕೂಸೆಲ್ಲೈತಿ?"

ಚಿಗವ್ವ ಓಡಿದಳು. ಹಾದಿಯ ನಡುವೆಯೇ ಪಕ್ಕದ ಓಣಿಯ ಮುದುಕಿಯೊಬ್ಬಳು ನನ್ನನ್ನು ಕೌದಿಯ ಸಮೇತ ಎತ್ತಿಕೊಂಡು ಬರುತ್ತಿದ್ದಳು. ನಾನು ಎಚ್ಚರವಾಗಿ ಆಡುತ್ತಿದ್ದೆನಂತೆ, ಒಂದು ಗೀರೂ ಆಗಿರಲಿಲ್ಲ. ಆದರೆ ನೀರು ಎಷ್ಟು ಹತ್ತಿರವಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಬಯ್ಯಲಿಲ್ಲ. ನನ್ನನ್ನು ಇಸಿದುಕೊಂಡು ಅವ್ವನ ಕೈಗೆ ಹಾಕಿ, "ಇನ್ನ ಮ್ಯಾಲ ಈ ಕೂಸು ಆಕಿ ಕೈಯಾಗ ಬ್ಯಾಡ. ನೀನ ಜ್ವಾಪಾನ ಮಾಡು" ಎಂದಳು. ಅಜ್ಜಿಯ ಮಾತೆಂದರೆ ಮನೆಯಲ್ಲಿ ಮುಗಿದ ಮಾತು. ಚಿಗವ್ವ ಎದುರಾಡಲಿಲ್ಲ. ಅಜ್ಜಿಗಿಂತ ಮೊದಲೇ ಆಕೆ ತನ್ನ ಮೇಲೆ ಅದೇ ತೀರ್ಪು ಕೊಟ್ಟುಕೊಂಡಿದ್ದಳೆಂದು ನನಗೆ ಅನ್ನಿಸುತ್ತದೆ.

ಹಾಲು ಕುಡಿಸುವುದಕ್ಕೆ ಮಾತ್ರ ನನ್ನನ್ನು ಆಕೆಗೆ ಕೊಡುತ್ತಿದ್ದರು, ಅದೂ ಅವ್ವ ಎದುರಿಗೆ ಕೂತಿದ್ದರೆ. ಅವ್ವನದು ಮಾತು ಕಡಿಮೆ, ಕಣ್ಣು ಚುರುಕು. ತಾನು ಎದುರಿಗೆ ಸೊಪ್ಪು ಸೋಸುತ್ತಲೋ ಬೇಳೆ ಆರಿಸುತ್ತಲೋ ಕೂತಷ್ಟು ಹೊತ್ತು ಈ ನೆಗೆಣ್ಣಿ, ಮೈದುನನ ಹೆಂಡತಿ, ಮಿಸುಕದೆ ಕೂತಿರುವುದನ್ನು ಆಕೆ ಗಮನಿಸಿದಳು. ಆಮೇಲೆ ಬೀಸುವ ಕಲ್ಲಿನ ವಿಷಯವೂ ಹೊಳೆಯಿತು. ನಸುಕಿನಲ್ಲಿ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುವಾಗ ಚಿಗವ್ವ ಎಂದೂ ಎದ್ದು ಹೋದದ್ದಿಲ್ಲ. ಹಾಡು ಹುಟ್ಟಿಸಿಕೊಂಡು, ಹಿಡಿಹಿಡಿಯಾಗಿ ಕಾಳು ಹಾಕುತ್ತ, ಜೋಳ ತೀರುವವರೆಗೂ ಒಂದೇ ಸಮನೆ ಬೀಸುವಳು. ಆಕೆಯ ಹಿಟ್ಟಿನಷ್ಟು ನುಣುಪು ಓಣಿಯಲ್ಲಿ ಯಾರದೂ ಇರಲಿಲ್ಲ. ಅದೇ ಹೆಂಗಸನ್ನು ಒಬ್ಬಳೇ ಒಲೆಯ ಮುಂದೆ ಕೂರಿಸಿದರೆ ಹಾಲು ಉಕ್ಕಿ ಬೂದಿಯ ಪಾಲು, ರೊಟ್ಟಿ ಕರಿಕು.

ಅಲ್ಲಿಯವರೆಗೆ ಮನೆಯವರು ಮಾಡದ ಉಪಾಯವಿರಲಿಲ್ಲ. ತೋಳಿಗೆ ತಾಯಿತ ಕಟ್ಟಿಸಿದರು, ಮಠದ ಭಸ್ಮ ಹಚ್ಚಿದರು, ಯಾರೋ ಹೇಳಿದರೆಂದು ಬೇವಿನ ರಸ ಕುಡಿಸಿದರು. "ಕುಡಿಯಾಕ ಕೊಟ್ರ ಕುಡೀತೇನಿ, ಆದ್ರ ಕುಡದೇನೋ ಇಲ್ಲೋ ಅನ್ನೂದು ನೆನಪಿರೂದಿಲ್ಲ. ಎರಡ ಸಲ ಕುಡಿಸಿಬಿಡ್ತೀರಿ" ಎಂದು ಚಿಗವ್ವ ಮುಖ ಕಿವುಚಿ ನಗಿಸಿದ್ದಳಂತೆ. ಅವ್ವ ಅದನ್ನೆಲ್ಲ ಬಿಡಿಸಿದಳು. ಅತ್ತೆಯ ಮುಂದೆ ಹೆಚ್ಚು ಮಾತಾಡದವಳು ಅಂದು ಹೇಳಿದಳು: "ಆಕಿಗೆ ಹೇಳಾವರು ಬೇಕಾಗಿಲ್ರಿ ಅತ್ತಿ. ಬಾಜೂಕ ಕೂಡಾವರು ಬೇಕು." ಅಂದಿನಿಂದ ಚಿಗವ್ವನಿಗೆ ಕೆಲಸವಿದ್ದಲ್ಲೆಲ್ಲ ಅವ್ವ ತನ್ನ ಕೆಲಸ ಹಿಡಿದು ಹೋಗಿ ಕೂಡತೊಡಗಿದಳು. ಕಾವಲಿಗಲ್ಲ, ತಪ್ಪು ಹಿಡಿಯುವುದಕ್ಕೂ ಅಲ್ಲ. ತನ್ನ ಪಾಡಿಗೆ ತಾನು ಇರುತ್ತಿದ್ದಳು, ಅಷ್ಟೇ.

ಈಗ ಇದಕ್ಕೆ ಒಂದು ಹೆಸರಿದೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಕೂತಲ್ಲಿ ಕೂಡುವುದಿಲ್ಲ, ಬರೆದದ್ದನ್ನು ಅರ್ಧಕ್ಕೇ ಬಿಡುತ್ತಾಳೆ ಎಂದು ದೂರು ಬಂದಾಗ ಸೊಸೆಯ ಜೊತೆ ನಾನೂ ಡಾಕ್ಟರರ ಹತ್ತಿರ ಹೋಗಿದ್ದೆ. ಆಕೆ ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದಿಂದ ತಿಳಿಸಿ ಹೇಳಿದರು. ಇದು ಸೋಮಾರಿತನವಲ್ಲ, ಹಟವೂ ಅಲ್ಲ, ಮಿದುಳು ಗಮನವನ್ನು ನಡೆಸುವ ರೀತಿಯೇ ಬೇರೆ, ಹುಟ್ಟಿನಿಂದ ಬರುತ್ತದೆ, ಮನೆತನದಲ್ಲಿ ಹರಿದು ಬರುವುದುಂಟು ಎಂದರು. ಕೆಲಸವನ್ನು ತುಂಡು ತುಂಡು ಮಾಡಿ ಕೊಡಿ, ಬಯ್ಯಬೇಡಿ, ಬೇಕಾದರೆ ಔಷಧವೂ ಇದೆ ಎಂದರು. ಕೊನೆಗೆ, "ಓದುವಾಗ ಯಾರಾದರೂ ಸುಮ್ಮನೆ ಜೊತೆಗೆ ಕೂತಿರಿ, ಎಷ್ಟೋ ಮಕ್ಕಳಿಗೆ ಅದರಿಂದ ಅನುಕೂಲವಾಗುತ್ತದೆ" ಎಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿ ಡಾಕ್ಟರರು ಮೊಮ್ಮಗಳ ಚಿಂತೆ ಎಂದುಕೊಂಡರು. ಅಮ್ಮ, ಇದಕ್ಕೆ ಹೆದರಬೇಕಾಗಿಲ್ಲ ಎಂದು ನನಗೇ ಧೈರ್ಯ ಹೇಳಿದರು.

ನಾನು ಆರೇಳು ವರ್ಷದವಳಿದ್ದಾಗ ವಿಷಮಜ್ವರ ಬಂತು. ಅವ್ವ ಆಗ ತಂದೆ ತೀರಿಕೊಂಡರೆಂದು ತವರಿಗೆ ಹೋಗಿದ್ದಳು, ಬೇಗ ಬರುವ ಹಾಗಿರಲಿಲ್ಲ. ಧಾರವಾಡದಿಂದ ಬಂದ ಡಾಕ್ಟರರು, ಹಣೆಯ ಮೇಲೆ ಒದ್ದೆ ಬಟ್ಟೆ ಬಿಡದೆ ಹಾಕಬೇಕು, ಗಂಜಿಯ ತಿಳಿ ಬಿಟ್ಟರೆ ಬೇರೆ ಏನೂ ಕೊಡಬಾರದು, ಔಷಧದ ಹೊತ್ತು ತಪ್ಪಬಾರದು ಎಂದು ಹೇಳಿ ಹೋದರು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಉಳಿದವಳು ಚಿಗವ್ವ ಒಬ್ಬಳೇ. ಬೇರೆ ದಾರಿಯಿಲ್ಲದೆ ಅಜ್ಜಿ ನನ್ನನ್ನು ಆಕೆಯ ವಶಕ್ಕೆ ಬಿಟ್ಟಳು. ಕೆರೆಯ ದಂಡೆಯ ಆ ದಿನದ ನಂತರ ಇದೇ ಮೊದಲು.

ಚಿಗವ್ವ ಮೊದಲು ಕಾಕಾನನ್ನು ಕರೆದಳು. "ನೀವು ಇಲ್ಲೇ ಬಾಗಿಲದಾಗ ಕೂಡ್ರಿ. ಏನೂ ಮಾಡಬ್ಯಾಡ್ರಿ. ನೀವು ಕುಂತಿದ್ರ ನನ್ನ ಚಿತ್ತ ಇಲ್ಲೇ ಇರತೈತಿ." ಕಾಕಾ ಕೂತ. ಆದರೆ ತುಂಬಿದ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿಯ ಎದುರಿಗೆ ಕೆಲಸವಿಲ್ಲದೆ ಕೂಡುವುದನ್ನು ಯಾರು ಕಂಡಿದ್ದರು? ನೋಡಲು ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಓಣಿಯ ಗೆಳೆಯನೊಬ್ಬ, "ಏನಪಾ, ಬಾಣಂತಿ ಆಗೀಯೇನು?" ಎಂದು ಹೊರಗಿನಿಂದಲೇ ಕೂಗಿದ. ಕಾಕಾ ಒಳ್ಳೆಯವನು, ಆದರೆ ನಗೆಗೆ ಅಂಜುವವನು. ಹೊಲದ ಕೆಲಸದ ನೆಪ ಹೇಳಿ ಎದ್ದು ಹೋದ.

ಆಗ ಚಿಗವ್ವ ಮಾಡಿದ್ದು ಸಣ್ಣ ಕೆಲಸವಲ್ಲ. ತನ್ನ ಮಡಿಲಿನಿಂದ ಕೂಸನ್ನು ಕಿತ್ತುಕೊಂಡ ಅತ್ತೆಯ ಹತ್ತಿರವೇ ಹೋಗಿ ನಿಂತಳು. "ಅತ್ತಿ, ನೀವರ ಬಂದು ಕೂಡ್ರಿ. ನನ್ನ ಮ್ಯಾಲ ನನಗ ಭರೋಸಾ ಇಲ್ಲ. ಆದ್ರ ಎದುರಿಗೆ ಒಬ್ರಿದ್ರ ನಾ ತಪ್ಪೂದಿಲ್ಲ, ಖರೇ ಹೇಳತೇನಿ." ಜ್ವರದ ಮಂಪರಿನಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದದ್ದು ನೆನಪಿದೆ. ಅಜ್ಜಿ ಹತ್ತಿಯ ಬುಟ್ಟಿ ತರಿಸಿಕೊಂಡು ಗೋಡೆಗೆ ಒರಗಿ ಕೂತು ದೀಪದ ಬತ್ತಿ ಹೊಸೆಯತೊಡಗಿದಳು. ಜ್ವರ ಇಳಿಯುವವರೆಗೂ ಹೊಸೆದಳು. ಊರ ಗುಡಿಗಳಿಗೆಲ್ಲ ವರ್ಷವಿಡೀ ಸಾಲುವಷ್ಟು ಬತ್ತಿಯಾಯಿತೆಂದು ಮನೆಯಲ್ಲಿ ಆಮೇಲೆ ನಗುತ್ತಿದ್ದರು. ಚಿಗವ್ವ ನನ್ನ ಮಗ್ಗುಲು ಬಿಟ್ಟು ಏಳಲಿಲ್ಲ. ಎಮ್ಮೆ ಕೂಗಿತು, ಬಳೆಗಾರ ಬಂದ, ಪಕ್ಕದ ಮನೆಯಲ್ಲಿ ಜಗಳವಾಯಿತು, ಆಕೆಯ ತಲೆ ಅತ್ತ ತಿರುಗಲಿಲ್ಲ. ಉಣ್ಣುವುದನ್ನೂ ಮರೆತಿದ್ದಾಳೆಂದು ಅಜ್ಜಿಯೇ ಗದರಿಸಿ ಗದರಿಸಿ ಉಣ್ಣಿಸಿದಳು.

ನಾನು ಎದ್ದು ಕೂಡುವಂತಾದ ದಿನ ಅಜ್ಜಿ ಸೊಸೆಗೆ ಹೇಳಿದಳು, "ನಾ ಅವಸರಾ ಮಾಡಿದೆ. ಕೂಸು ನಿಂದು. ತಗೋ." ನಮ್ಮ ಮನೆಯಲ್ಲಿ ಅಜ್ಜಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಅದೊಂದೇ ಸಲ. ಚಿಗವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಅದೇ ವಾರ ಅವ್ವ ತವರಿನಿಂದ ಬಂದಳು. ಬಾಗಿಲಲ್ಲಿ ಅವಳ ದನಿ ಕೇಳಿದ್ದೇ ತಡ, ಬಡಕಲು ಕಾಲಿನಲ್ಲಿ ತೂರಾಡುತ್ತ ಹೋಗಿ "ಅವ್ವಾ" ಎಂದು ಅವಳ ಸೀರೆಯೊಳಗೆ ಮುಖ ಹುದುಗಿಸಿದೆ. ಸಣ್ಣ ಮಗುವಿಗೆ ಮತ್ತೇನು ತಿಳಿದೀತು? ನೀರಡಿಸಿದವರು ಗೊತ್ತಿದ್ದ ಬಾವಿಗೇ ಹೋಗುತ್ತಾರೆ. ಅಜ್ಜಿಯಿಂದ ನಡೆದದ್ದನ್ನು ಕೇಳಿ ಅವ್ವನೇ ನನ್ನನ್ನು ಬಿಡಿಸಿ ಚಿಗವ್ವನ ಕಡೆ ನೂಕಿದಳು. ಚಿಗವ್ವ ತಡೆದಳು. "ಬಿಡ್ರಿ ಯಕ್ಕಾ. ಅಂಜಿಸಬ್ಯಾಡ್ರಿ. ಎಲ್ಲಿದ್ರೂ ನಮ್ಮ ಮನ್ಯಾಗ ಐತಲ್ಲ" ಎಂದು ನಕ್ಕು ಹಿತ್ತಲಿಗೆ ಹೋದಳು. ಆಮೇಲೆ ಈ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾಗಿತ್ತು. ಮೂವರಲ್ಲಿ ಒಬ್ಬರಾದರೂ ನನ್ನನ್ನು ಹತ್ತಿರ ಕೂರಿಸಿಕೊಂಡು, ಈಕೆ ನಿನ್ನ ತಾಯಿ, ಅವ್ವ ಅನ್ನು ಎಂದು ಹೇಳಬೇಕಾಗಿತ್ತು. ಗೊತ್ತಿಲ್ಲದ ವಿಷಯವೇನೂ ಅಲ್ಲ, ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ನಾಲಿಗೆಗೆ ಬರಲು ಯಾರಾದರೂ ಒಂದು ಸಲ ಬಾಯಿ ಬಿಡಿಸಬೇಕಾಗುತ್ತದೆ.

ಆ ನಂತರ ಊರಿಗೆ ಹಿಟ್ಟಿನ ಗಿರಣಿ ಬಂತು. ಕೈಯಲ್ಲಿ ಬೊಬ್ಬೆ ಬರಿಸಿಕೊಂಡ ಹೆಂಗಸರೆಲ್ಲ ಹಿಗ್ಗಿದರು, ಹಿಗ್ಗಬೇಕಾದದ್ದೇ. ನಮ್ಮ ಬೀಸುವ ಕಲ್ಲು ಹಿತ್ತಲಿಗೆ ಹೋಯಿತು. ಚಿಗವ್ವ ಮಾತ್ರ, "ಗಿರಣಿ ಛಲೋ ಐತಿ. ಆದ್ರ ಅದರ ಎದುರಿಗೆ ಯಾರು ಕೂಡತಾರ?" ಎಂದಳು. ನಾವು ನಕ್ಕೆವು. ದಿನದಲ್ಲಿ ಆಕೆ ತನಗೆ ತಾನು ಸರಿಯಾಗಿ ಸಿಗುತ್ತಿದ್ದ ಹೊತ್ತು ಅದೊಂದೇ ಆಗಿತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅವ್ವನಿಗೆ ಮೊಣಕಾಲು ಹಿಡಿದು ನೆಲಕ್ಕೆ ಕೂಡುವುದು ಕಷ್ಟವಾಯಿತು. ಚಿಗವ್ವನ ಹಾಲು ಮತ್ತೆ ಉಕ್ಕತೊಡಗಿತು, ರೊಟ್ಟಿ ಕರಿಕಾಗತೊಡಗಿತು. ಹೊಸದಾಗಿ ಬಂದ ಸೊಸೆಯಂದಿರು ಮುಖ ತಿರುಗಿಸಿ ನಕ್ಕರೆ ಮೊದಲಿನ ಹಾಗೆ ತಾನೂ ನಗುವುದನ್ನು ಚಿಗವ್ವ ಬಿಟ್ಟಳು.

ನನ್ನನ್ನು ಹುಬ್ಬಳ್ಳಿಗೆ ಕೊಟ್ಟರು. ಯಜಮಾನರು ರೈಲ್ವೆಯಲ್ಲಿದ್ದರು, ಸಾಲುಮನೆಗಳ ಚಾಳಿನಲ್ಲಿ ನಮ್ಮ ಮನೆ. ದೊಡ್ಡ ಯುದ್ಧದ ಕಾಲದಲ್ಲಿ ಬಾಣಂತನಕ್ಕೆ ಕೆಲಗೇರಿಗೆ ಬಂದಿದ್ದೆ. ಒಂದು ದಿನ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಹೊರಟವಳು ಮಗುವನ್ನು ಚಿಗವ್ವನ ಕಡೆ ಚಾಚಿದೆ. ಆಕೆ ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದಳು.

"ಒಬ್ಬಾಕಿ ಕೈಯಾಗ ಕೊಡಬ್ಯಾಡವಾ. ಯಾರನ್ನರ ಕರಿ."

"ಇಲ್ಲೇ ಬಚ್ಚಲದಾಗ ಇರತೇನಿ ಚಿಗವ್ವ, ಇಷ್ಟರಾಗ ಬರತೇನಿ."

"ನಿನಗ ಗೊತ್ತಿಲ್ಲ. ನಾ ಒಮ್ಮೆ ಬಿಟ್ಟ ಬಂದಾಕಿ."

ಅಷ್ಟು ವರ್ಷಗಳಾದ ಮೇಲೆ! ಬಿಟ್ಟು ಬಂದ ಆ ಕೂಸೇ ಎದುರಿಗೆ ತನ್ನ ಕೂಸನ್ನು ಎತ್ತಿಕೊಂಡು ನಿಂತಿತ್ತು. ನಾನು ಸ್ನಾನ ಬಿಟ್ಟು ಅಲ್ಲೇ ಕೂತೆ. ಆಗ ಕೈ ಮುಂದೆ ಬಂತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮುಖಕ್ಕೆ ಮುಖ ತಂದು ನೋಡಿದಳು, ನೋಡುತ್ತಲೇ ಇದ್ದಳು. ಮೈಯ ಎಣ್ಣೆ ಆರಿಹೋಗುವವರೆಗೂ ನಾನು ಏಳಲಿಲ್ಲ. ಆ ಹೊತ್ತಿನಲ್ಲಿ ಆಕೆಗೆ ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. ಮಗು ಅತ್ತಿತು, ಅಷ್ಟರಲ್ಲಿ ಯಾರೋ ಬಂದರು, ಮಾತು ಬೇರೆಯಾಯಿತು.

ಮರುವರ್ಷದ ಬೇಸಿಗೆಯಲ್ಲಿ ಚಿಗವ್ವ ಹೋದಳು. ಜ್ವರ ಬಂದು ಮಲಗಿದವಳು ಏಳಲಿಲ್ಲ. ಬೆಳಗಿನ ಗಾಡಿಗೆ ಊರಿನಿಂದ ಬಂದವನು ಚಾಳಿನ ಅಂಗಳದಲ್ಲೇ ಸುದ್ದಿ ಹೇಳಿದ. ನೀರಿಗೆ ನಿಂತಿದ್ದ ನಾನು ಕೊಡ ಕೆಳಗಿಟ್ಟು ಅಲ್ಲೇ ಕೂತು ಅಳತೊಡಗಿದೆ. ಹೆಂಗಸರು ಸುತ್ತ ಸೇರಿದರು. ಒಬ್ಬಾಕೆ ಬೆನ್ನು ಸವರುತ್ತ, "ಯಾರ್ರಿ ತೀರಿಕೊಂಡಾರ?" ಎಂದಳು. "ಚಿಗವ್ವ" ಎಂದೆ. ಆಕೆ ಸಮಾಧಾನದ ದನಿಯಲ್ಲೇ, "ಚಿಗವ್ವ ಏನ್ರಿ? ಹಂಗಾರ ಸಮಾಧಾನ ಮಾಡ್ಕೋರಿ. ಹಡದ ತಾಯಿ ಇದ್ದಾರಲ್ಲ" ಎಂದಳು.

"ಆಕೀನ ನನ್ನ ಹಡದಾಕಿ," ಎಂದೆ. "ನಮ್ಮವ್ವ."

ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕೇಳಿಸಿಕೊಂಡವರು ನಳದ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದ ಪರವೂರಿನ ಹೆಂಗಸರು.