ಬೈಯುವುದನ್ನು ಬಿಟ್ಟ ಅಭ್ಯರ್ಥಿ

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವನಿಂದ ಬೈಸಿಕೊಂಡವರೇ. ಬ್ಯಾಂಕಿನ ಮ್ಯಾನೇಜರನ್ನು ನಡುರಸ್ತೆಯಲ್ಲಿ ಕುಂಬಳಕಾಯಿ ಅಂದಿದ್ದ. ಹಲ್ಲಿನ ಡಾಕ್ಟರಿಗೆ, ಕಾಲು ಕ್ಲಚ್ಚಿನ ಮೇಲಿದೆಯೋ ಮನೆಯಲ್ಲೇ ಬಿಟ್ಟು ಬಂದಿದ್ದೀಯೋ ಎಂದು ಕೇಳಿದ್ದ. ಮಕ್ಕಳನ್ನು ಗಡಗಡ ನಡುಗಿಸುತ್ತಿದ್ದ ಹೆಡ್‌ಮಾಸ್ಟರರನ್ನು ಸಿಗ್ನಲ್ಲಿನಲ್ಲಿ ಅಳಿಸಿದ್ದ. ಅವನ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು, ಓದಿದವರು ಮಾತ್ರ ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವನು ಬ್ರೇಕ್ ಮಾಸ್ಟರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವನು ಕಾಲಿಡುವ ಸಂದರ್ಭವೇ ಕಡಿಮೆ. ಕಾಲಿಗಿಂತ ಮೊದಲು ಬಾಯಿ ಕೆಲಸ ಮುಗಿಸಿರುತ್ತಿತ್ತು.

ಸ್ಕೂಲು ಅಂದರೆ ಒಂದು ಶಟರ್ ಕೋಣೆ, ಮೂರು ಕಾರು, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ, ಮೇಜಿನ ಹಿಂದೆ ಅವನ ಹೆಂಡತಿ. ಫೀಸು ತೆಗೆದುಕೊಳ್ಳುವುದು, ಯಾರಿಗೆ ಎಷ್ಟು ಹೊತ್ತಿಗೆ ಕ್ಲಾಸು ಎಂದು ಹೇಳುವುದು, ಕಾರಿನಿಂದ ಕಣ್ಣೊರೆಸಿಕೊಂಡು ಇಳಿದವರಿಗೆ ನೀರು ಕೊಟ್ಟು ಸಮಾಧಾನ ಮಾಡುವುದು, ಇವೆಲ್ಲ ಅವಳ ಇಲಾಖೆ. "ಅವರ ಸ್ವಭಾವವೇ ಹಾಗೆ, ಮನಸ್ಸಿಗೆ ಹಚ್ಕೋಬೇಡಿ" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಇಂಥ ಮನುಷ್ಯ ನಗರಸಭೆಗೆ ನಿಲ್ಲುತ್ತೇನೆ ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ವಾರ್ಡಿನ ಸದಸ್ಯ ತನ್ನ ತಮ್ಮನ ಮನೆಯ ಮುಂದೆ ಆಳೆತ್ತರದ ರೋಡ್ ಹಂಪ್ ಹಾಕಿಸಿದ್ದ, ಅದರ ಮೇಲೆ ಮಾಸ್ಟರ ಮೂರೂ ಕಾರುಗಳು ಹೊಟ್ಟೆ ಉಜ್ಜಿಕೊಂಡಿದ್ದವು. ಜನಸೇವೆಯ ಹಂಬಲ ಅವನಲ್ಲಿ ಹುಟ್ಟಿದ್ದು ಹೀಗೆ.

ನಗು ಮುಗಿದ ಮೇಲೆ ಅವಳು ಒಂದೇ ಷರತ್ತು ಹಾಕಿದಳು. "ವೋಟು ಮುಗಿಯೋವರೆಗೂ ಯಾರಿಗೂ ಬೈಯಬಾರದು. ಏನೇ ಆದ್ರೂ, ಪರವಾಗಿಲ್ಲ ಬಿಡಿ ಅನ್ನಬೇಕು."

ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಹಲ್ಲುನೋವಿನವನು ಫೋಟೋಗೆ ನಿಂತ ಹಾಗೆ ಕಾಣುತ್ತಿದ್ದ. ಆ ಸಲ ಸ್ಕೂಲಿಗೆ ರಜೆ ಕೊಟ್ಟು ಮನೆಮನೆ ಸುತ್ತಿದರು. ಎದುರಾಳಿಯ ಮೇಲೆ ಜನರಿಗೆ ಇನ್ನೂ ಹೆಚ್ಚು ಸಿಟ್ಟಿದ್ದುದರಿಂದ ಇವನು ಗೆದ್ದ. ಗೆದ್ದವನು ಮೊದಲು ಮಾಡಿದ ಕೆಲಸ ಆ ಹಂಪ್ ಒಡೆಸಿದ್ದು. ಎರಡನೆಯ ಕೆಲಸ, ಒಡೆಯಲು ಬಂದವನು ಪಿಕಾಸಿ ಹಿಡಿದ ರೀತಿಗೆ ಅವನನ್ನು ಬಾಯಿಗೆ ಬಂದಂತೆ ಬೈದಿದ್ದು.

ನಗರಸಭೆಯ ಅವಧಿ ಮುಗಿಯುವ ಹೊತ್ತಿಗೆ ವಿಧಾನಸಭೆಯ ಮಾತು ಬಂತು. ತಂದವನು ಅವಳ ಸ್ವಂತ ತಮ್ಮ. ಈ ಭಾವಮೈದ ಯಾವ ಉದ್ಯೋಗದಲ್ಲೂ ನಿಂತವನಲ್ಲ, ಆದರೆ ಎಲ್ಲ ಪಕ್ಷದ ಆಫೀಸುಗಳಲ್ಲೂ ಕುರ್ಚಿ ಎಳೆದುಕೊಂಡು ಕೂರುವಷ್ಟು ಬಳಕೆ ಇಟ್ಟುಕೊಂಡವನು. "ಟಿಕೆಟ್ ಸಿಗುತ್ತೆ ಅಕ್ಕಾ. ಭಾವನ ಬಾಯಿ ಒಂದನ್ನ ನೀನು ನೋಡ್ಕೋ. ಮಿಕ್ಕಿದ್ದು ನಂಗೆ ಬಿಡು" ಅಂದ. ಅವಳಿಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಬೇಕು. ಶಾಸಕರ ಹೆಂಡತಿ ದಿನಾ ಸ್ಕೂಲಿನ ಶಟರ್ ಎಳೆಯಬೇಕಾಗಿಲ್ಲ.

ಈ ಸಲ ಸಿದ್ಧತೆಗೆ ವರ್ಷವೇ ಬೇಕಿತ್ತು. ಅಷ್ಟು ದಿನ ಸ್ಕೂಲು ಮುಚ್ಚಿದರೆ ಊಟಕ್ಕೇನು ಮಾಡುವುದು? ಹಾಗಾಗಿ ಮಾಸ್ಟರು ವರ್ಷವಿಡೀ ಬೈಯದೆ ಕಲಿಸಿದ. ಯಾರೋ ಎರಡನೇ ಗೇರಿನ ಬದಲು ನಾಲ್ಕಕ್ಕೆ ಹಾಕಿದರೆ "ಪರವಾಗಿಲ್ಲ ಬಿಡಿ". ಇನ್ಯಾರೋ ಕೆಂಪು ದೀಪ ದಾಟಿದರೆ "ಪರವಾಗಿಲ್ಲ, ದೀಪ ಎಲ್ಲಿ ಹೋಗುತ್ತೆ". ಮನೆಯಲ್ಲಿ ಊಟಕ್ಕೆ ಉಪ್ಪು ಜಾಸ್ತಿಯಾದರೂ ಅದೇ ಮಾತು. ಅವಳಿಗೆ ಸ್ವರ್ಗ ಮೂರೇ ಗೇಣು. ಅಳುವವರಿಲ್ಲ, ನೀರು ಕೊಡುವ ಕೆಲಸವಿಲ್ಲ, ಬಂದವರೆಲ್ಲ ನಗುತ್ತ ಹೋಗುತ್ತಿದ್ದರು. ಲೈಸೆನ್ಸ್ ಪರೀಕ್ಷೆಯಲ್ಲೂ ತೊಂದರೆಯಾಗಲಿಲ್ಲ. ಬ್ರೇಕ್ ಮಾಸ್ಟರ ಕಡೆಯವರು ಅಂದರೆ ಅಲ್ಲಿನ ಅಧಿಕಾರಿ ಅರ್ಧ ಸುತ್ತು ಹಾಕಿಸಿ ಸಾಕು ಅನ್ನುತ್ತಿದ್ದ. ಅಷ್ಟು ವರ್ಷಗಳ ಬೈಗುಳ ಸಂಪಾದಿಸಿದ ಹೆಸರು ಅದು.

ಔಷಧಿ ಅಂಗಡಿಯವಳು ಕಲಿಯಲು ಬಂದದ್ದು ಆ ವರ್ಷವೇ. ಹಾಸಿಗೆ ಹಿಡಿದವರ ಮನೆಗೆ ತಾನೇ ಔಷಧಿ ಮುಟ್ಟಿಸಬೇಕೆಂದು ಹಳೆಯ ಕಾರೊಂದನ್ನು ಕೊಂಡಿದ್ದಳು. ಒಳ್ಳೆಯ ಹೆಂಗಸು, ಚುರುಕು ಬುದ್ಧಿ, ಆದರೆ ಸ್ಟಿಯರಿಂಗ್ ಹಿಡಿದರೆ ಮುಂದೆ ಬಿಟ್ಟು ಬೇರೆಲ್ಲೂ ನೋಡಳು. ಕನ್ನಡಿಗಳು ಇದ್ದೂ ಇಲ್ಲದ ಹಾಗೆ.

"ಅವಳು ಹಿಂದೆ ನೋಡೋದೇ ಇಲ್ಲ. ಇನ್ನೊಂದು ತಿಂಗಳು ಬೇಕು" ಎಂದು ಮಾಸ್ಟರು ಹೆಂಡತಿಯ ಹತ್ತಿರ ಗೊಣಗಿದ.

"ಇಡೀ ಪೇಟೆ ಅವಳ ಅಂಗಡಿಗೆ ಬರುತ್ತೆ. ಎಳೀಬೇಡಿ, ಚೆನ್ನಾಗಿದೆ ಅಂತ ಹೇಳಿ ಕಳಿಸಿಬಿಡಿ" ಅಂದಳು ಇವಳು.

ಅವನು ಹೇಳಿ ಕಳಿಸಿಬಿಟ್ಟ.

ವೋಟಿಗೆ ವಾರವಿರುವಾಗ ಔಷಧಿ ಅಂಗಡಿಯವಳು ತನ್ನ ಅಂಗಡಿಯ ಮುಂದೆಯೇ ಕಾರನ್ನು ಹಿಂದಕ್ಕೆ ತೆಗೆದಳು. ಪಕ್ಕದ ದರ್ಜಿ ಬೆಳಕಿಗೆಂದು ಹೊಲಿಗೆ ಯಂತ್ರವನ್ನು ಹೊರಗೆ ಹಾಕಿಕೊಂಡು ಕೂತಿದ್ದ. ಯಂತ್ರ ನುಜ್ಜುಗುಜ್ಜಾಯಿತು, ಅದನ್ನು ತುಳಿಯುವ ಅವನ ಬಲಗಾಲು ಎರಡು ಕಡೆ ಮುರಿಯಿತು.

ಸುದ್ದಿ ತಂದ ಭಾವಮೈದ ಮನೆಯ ಬಾಗಿಲು ಹಾಕಿಕೊಂಡು ಮಾತಾಡಿದ. "ಓಡಿಸಿದವಳು ಅವಳು, ಕೇಸು ಅವಳ ಮೇಲೆ. ನೀವು ಆಸ್ಪತ್ರೆ ಕಡೆ ತಲೆ ಹಾಕಬೇಡಿ ಭಾವ. ವೋಟು ಮುಗೀಲಿ, ಆಮೇಲೆ ಹಣ್ಣು ತಗೊಂಡು ಹೋಗೋಣ."

ಮಾಸ್ಟರು ಚಪ್ಪಲಿ ಹಾಕಿಕೊಂಡ. ಬೇಗ ಕಳಿಸಿಬಿಡಿ ಎಂದವಳು ತಾನೇ ಎಂಬುದು ಹೆಂಡತಿಗೆ ನೆನಪಿತ್ತು. ತಮ್ಮ ಬೇಡ ಬೇಡ ಎನ್ನುತ್ತಿದ್ದರೂ ಗಂಡನ ಹಿಂದೆ ಹೊರಟಳು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಔಷಧಿ ಅಂಗಡಿಯವಳು ಒಬ್ಬಳೇ ಕೂತಿದ್ದಳು. ಮಾಸ್ಟರನ್ನು ನೋಡಿ ಎದ್ದು ನಿಂತಳು. ಅವನು ತಪ್ಪು ತನ್ನದೆಂದು ಏನೋ ತೊದಲಿದ.

"ಹಲ್ಲಿನ ಡಾಕ್ಟರು ಯಾವಾಗ್ಲೂ ಹೇಳ್ತಾರೆ ಸರ್," ಅಂದಳು ಅವಳು. "ರಿವರ್ಸ್ ಹಾಕಿದಾಗೆಲ್ಲ ನಿಮ್ಮ ಬೈಗುಳ ಅವರ ಕಿವೀಲಿ ಕೇಳಿಸುತ್ತಂತೆ, ಇವತ್ತಿಗೂ. ನನ್ನ ಕಿವೀಲಿ ಯಾರೂ ಇರ್ಲಿಲ್ಲ. ಚೆನ್ನಾಗಿದೆ ಮೇಡಂ ಅಂದಿದ್ರಿ ನೀವು. ನಾನು ನಂಬಿದೆ."

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ.

ಮೂರು ದಿನದ ಮೇಲೆ ಮೈದಾನದಲ್ಲಿ ದೊಡ್ಡ ಸಭೆ. ವೇದಿಕೆಯ ಮೇಲೆ ಪಕ್ಷದ ಜಿಲ್ಲಾಧ್ಯಕ್ಷರು ಸೋಫಾ ತುಂಬ ಕೂತಿದ್ದರು. ಮುಂದಿನ ಸಾಲಿನಲ್ಲಿ ಅವರ ಅಳಿಯ. ಭಾವಮೈದ ಬರೆದುಕೊಟ್ಟಿದ್ದ ಭಾಷಣವನ್ನು ಮಾಸ್ಟರು ಮಡಚಿ ಜೇಬಿಗಿಟ್ಟು ಮೈಕಿನ ಮುಂದೆ ನಿಂತ. ಕೆಳಗೆ ಕೂತಿದ್ದ ಹೆಂಡತಿಗೆ ಆಗಲೇ ಗೊತ್ತಾಯಿತು, ಏನೋ ಎಡವಟ್ಟಾಗಲಿದೆ ಎಂದು.

"ಈ ವರ್ಷ ನನ್ನ ಹತ್ರ ಕಲಿತ ಯಾರಿಗೂ ಕಾರು ಓಡಿಸೋಕೆ ಬರಲ್ಲ," ಅಂದ ಅವನು. "ವೋಟಿನ ಆಸೆಗೆ ನಿಮಗೆಲ್ಲ ಸುಳ್ಳು ಹೇಳಿದೀನಿ. ಅದಕ್ಕೆ ಒಬ್ಬರ ಕಾಲು ಮುರೀತು."

ಅವನು ಕಣ್ಣು ಕಿರಿದು ಮಾಡಿ ಜನರ ನಡುವೆ ಹುಡುಕಿದ.

"ಅಲ್ಲಿ ಕೂತಿರೋ ವಕೀಲರು. ತಿರುವು ಬಂದ್ರೆ ಕಣ್ಣು ಮುಚ್ತೀರಿ. ಕಣ್ಣು ಮುಚ್ಚಿದ್ರೆ ತಿರುವು ಹೋಗಲ್ಲ ಸ್ವಾಮಿ, ನೀವು ಹೋಗ್ತೀರಿ. ಹಾಲಿನ ಡೈರಿ ಅಕ್ಕ, ಗೇರ್ ಹಾಕೋದು ಅಂದ್ರೆ ಬಾವಿಯಿಂದ ನೀರು ಸೇದೋದಲ್ಲ. ಮುಂದೆ ಕೂತಿದಾರಲ್ಲ ಅಧ್ಯಕ್ಷರ ಅಳಿಯಂದಿರು, ಇವರ ಕೈಗೆ ಕಾರಿರಲಿ, ತಳ್ಳುಗಾಡಿ ಕೊಡೋದೂ ಅಪರಾಧ."

ನಗು ಎಲ್ಲೋ ಹಿಂದಿನಿಂದ ಶುರುವಾಗಿ ಮೈದಾನವಿಡೀ ಹಬ್ಬಿತು. ಬೈಸಿಕೊಂಡವರು ಮಾತ್ರ ನಗಲಿಲ್ಲ. ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಭಾವಮೈದ ಮೈಕಿನ ವೈರು ಎಲ್ಲಿದೆ ಎಂದು ವೇದಿಕೆಯ ಕೆಳಗೆ ತಡಕಾಡುತ್ತಿದ್ದ.

"ನಾಳೆಯಿಂದ ಎಲ್ಲರೂ ವಾಪಸ್ ಬನ್ನಿ, ಫೀಸು ಬೇಡ. ಅಲ್ಲಿವರೆಗೆ ಕಾರು ಮುಟ್ಟಬೇಡಿ. ವೋಟು ನಿಮ್ಮಿಷ್ಟ" ಎಂದು ಮುಗಿಸಿ ಇಳಿದು ಬಂದ.

ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಶಾಸಕರ ಹೆಂಡತಿಯ ಪದವಿ ಕಣ್ಣೆದುರೇ ಕೈತಪ್ಪಿ ಹೋದದ್ದಕ್ಕೆ ಹೊಟ್ಟೆ ಉರಿಯಿತು, ಆ ಮಾತೂ ನಿಜ. ಆದರೆ ವರ್ಷದಿಂದ ಮನೆಯಲ್ಲಿ ಒಬ್ಬ ಸಭ್ಯ ಅಪರಿಚಿತನಿಗೆ ಊಟ ಬಡಿಸಿದ್ದಳು. ಇವತ್ತು ಗಂಡ ವಾಪಸ್ ಬಂದಿದ್ದ, ಅವಳಿಗೆ ಸಂತೋಷವೂ ಆಗಿತ್ತು.

ವೋಟಿನಲ್ಲಿ ಅವನು ಎಂಥ ಸೋಲು ಸೋತನೆಂದರೆ ಠೇವಣಿಯೂ ಹೋಯಿತು. ಭಾವಮೈದ ಮಾತು ಬಿಟ್ಟ. ವಕೀಲರು ಮಾನನಷ್ಟದ ನೋಟಿಸು ಕಳಿಸಿದರು. ಅವರ ಹೆಂಡತಿ ಮಾತ್ರ ಫೋನ್ ಮಾಡಿ, ದಯವಿಟ್ಟು ಇವರನ್ನ ಕರೆಸಿಕೊಳ್ಳಿ, ಮಕ್ಕಳನ್ನ ಇವರ ಜೊತೆ ಕಳಿಸೋಕೆ ಜೀವ ಹೊಡ್ಕೊಳ್ಳುತ್ತೆ ಎಂದರು. ಡೈರಿ ಅಕ್ಕ ಸಭೆಯ ಮರುದಿನವೇ ಬಂದಿದ್ದಳು. ಇನ್ನೂ ಕೆಲವರು ಗೊಣಗುತ್ತ ಬಂದರು. ಔಷಧಿ ಅಂಗಡಿಯವಳು ಬರಲಿಲ್ಲ. ಕಾರಿಗೆ ಪ್ಲಾಸ್ಟಿಕ್ ಹೊದಿಸಿ, ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ನಡೆದೇ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ಹೆಂಡತಿ ಅವಳ ಅಂಗಡಿಗೇ ಹೋದರು. ದರ್ಜಿ ಆಸ್ಪತ್ರೆಯಿಂದ ಬಂದು ಪಕ್ಕದ ತನ್ನ ಅಂಗಡಿಯ ಮುಂದೆ, ಕಾರಿನ ಹಿಂಬದಿಗೆ ಕೂತಿದ್ದ, ಪ್ಲಾಸ್ಟರ್ ಕಾಲನ್ನು ಮುಂದೆ ಚಾಚಿಕೊಂಡು ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದ. ಮಾಸ್ಟರು ಪ್ಲಾಸ್ಟಿಕ್ ಎಳೆದು ಹಾಕಿ ಪಕ್ಕದ ಸೀಟಿನಲ್ಲಿ ಕೂತ. ಹೆಂಡತಿ ಹಿಂದೆ ಕೂತಳು.

"ನನ್ನ ಕೈಲಾಗಲ್ಲ ಸರ್" ಎನ್ನುತ್ತಲೇ ಔಷಧಿ ಅಂಗಡಿಯವಳು ಒಳಗೆ ಬಂದಳು. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಮುಂದೆಯೇ ನೋಡುತ್ತ ಕೂತಳು.

ಅದನ್ನು ನೋಡಿ ಅವನ ಬಾಯಿಂದ ತಾನಾಗಿಯೇ ಬಂತು. "ಪರವಾಗಿಲ್ಲ ಮೇಡಂ, ನಿಧಾನ..."

"ಆ ಮಾತು ಬೇಡ. ಬೈಯಿರಿ" ಅಂದಳು ಅವಳು.

ಅವನು ಕನ್ನಡಿಯಲ್ಲಿ ಹೆಂಡತಿಯ ಕಡೆ ನೋಡಿದ, ಅಪ್ಪಣೆ ಕೇಳುವವನ ಹಾಗೆ.

"ಕೇಳ್ತಿದಾರಲ್ಲ, ಬೈಯಿರಿ" ಅಂದಳು ಹೆಂಡತಿ.

"ಮುಂದೇನು ನೋಡ್ತೀಯಾ ತಾಯಿ, ಮುಂದೆ ನಿಮ್ಮಪ್ಪನ ಮೆರವಣಿಗೆ ಬರ್ತಿದೆಯಾ? ಕತ್ತು ತಿರುಗಿಸು. ಕನ್ನಡಿ ಇರೋದು ಹಣೆಗೆ ಕುಂಕುಮ ಇಟ್ಕೊಳ್ಳೋಕಲ್ಲ. ಹಿಂದೆ ಒಂದು ಜೀವ ಕೂತಿದೆ, ಕಾಣುತ್ತಾ ನಿನಗೆ?" ಕೊನೆಯ ಮಾತಿಗೆ ಅವನ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ.

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಔಷಧಿ ಅಂಗಡಿಯವಳು ಅಳುತ್ತಲೇ ಕತ್ತು ತಿರುಗಿಸಿ ಹಿಂದೆ ನೋಡಿದಳು. ದರ್ಜಿ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು, ಪ್ಲಾಸ್ಟರ್ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆಳೆದುಕೊಂಡ. ಆಮೇಲೆ ಬರಲಿ ಬರಲಿ ಎಂದು ಕೈ ಬೀಸಿದ.

ಕಾರು ಗೇಣು ಗೇಣಾಗಿ ಹಿಂದಕ್ಕೆ ಸರಿಯಿತು. ಮಾಸ್ಟರ ಬಾಯಿ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿದ್ದವಳು, ಮದುವೆಯಾದಾಗಿನಿಂದ ಮೊದಲ ಸಲ, ಮೆಲ್ಲಗೆ ಮಾತಾಡಿ ಎನ್ನಲಿಲ್ಲ.