ಹನುಮಪ್ಪಜ್ಜ ಬರೆಸಿದ ಕಾದಂಬರಿ

ಸ್ವಾತಂತ್ರ್ಯವು ಮನುಷ್ಯನ ಪರಮ ಹಂಬಲ. ಕಾರ್ಕಳದಿಂದ ಸಿಂಧನೂರಿನ ಕಾಲೇಜಿಗೆ ವರ್ಗವಾಗಿ ಬಂದ ವಾರ ನನ್ನ ಪರಮ ಹಂಬಲ ಮಾತ್ರ ಕುಚ್ಚಲಕ್ಕಿ ಗಂಜಿಯಾಗಿತ್ತು. ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಭತ್ತವನ್ನೇ ಕುದಿಸಿ ಮಾಡಿದ ಅಕ್ಕಿ ಬೇಕೆಂದರೆ ಅಂಗಡಿಯವರು, ‘ಅಕ್ಕಿ ನಾವು ಕೊಡತೀವ್ರಿ ಸರ, ಕುದಿಸೋದು ನೀವಾ ಕುದಿಸ್ಕೋಬೇಕು’ ಎಂದರು.

ನಮ್ಮ ಕಡೆ ‘ಊಟ ಆಯಿತಾ?’ ಎನ್ನುವುದು ಬರಿಯ ಮಾತು. ಇಲ್ಲಿ ಆ ಪ್ರಶ್ನೆಯ ಹಿಂದೆಯೇ ಜೋಳದ ರೊಟ್ಟಿ ಬರುತ್ತದೆ. ನನಗೆ ಬರುತ್ತಿದ್ದದ್ದು ಮನೆ ಮಾಲೀಕ ಗೌಡರಿಂದ. ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿದು ನನ್ನನ್ನು ಅದರಲ್ಲಿ ಪ್ರತಿಷ್ಠಾಪಿಸಿದ್ದರು.

ಆಗ ನಾನು ಗುಲಾಮಗಿರಿಯ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೆ. ಹಡಗು, ಸಂಕೋಲೆ, ದೂರದೇಶದ ಕಬ್ಬಿನ ತೋಟ. ಭಾನುವಾರ ಕಟ್ಟೆಯ ಮೇಲೆ ಓದಿದರೆ ಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡು, ‘ಎಂಥಾ ಕಟುಕ ಮಂದಿ ಇದ್ರು ನೋಡ್ರಿ’ ಎನ್ನುತ್ತಿದ್ದರು.

ಒಮ್ಮೆ ಗೌಡರ ಆಳು ಹನುಮಪ್ಪಜ್ಜ ನನ್ನ ಕೋಣೆಗೆ ಬಂದವರು ನಾನು ನಿಘಂಟು ಇಟ್ಟಿದ್ದ ಗೋಡೆಯ ಗೂಡನ್ನೇ ನೋಡುತ್ತ ನಿಂತರು.

‘ಇದರಾಗ ನನ್ನ ಗಂಗಾಳ ಇರತಿತ್ರಿ.’

ಗಂಗಾಳವೆಂದರೆ ಊಟದ ತಟ್ಟೆ. ಹತ್ತು ವರ್ಷಕ್ಕೇ ಜೀತಕ್ಕೆ ಬಂದ ಅವರು ಮೇಲಿಂದ ಹಾಕಿದ್ದನ್ನು ಉಂಡು, ತೊಳೆದು, ಇಲ್ಲಿಡಬೇಕಿತ್ತು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಯುಗಾದಿಗೆ ಸುತ್ತಲಿನ ಹನ್ನೊಂದು ಜೀತದಾಳುಗಳು ಗಂಗಾಳಗಳನ್ನು ಧಣಿಗಳ ಹೊಸ್ತಿಲ ಮೇಲೆ ಬೋರಲು ಹಾಕಿ ಮಸ್ಕಿಯ ದಾರಿ ಹಿಡಿದರಂತೆ. ಮೊದಲು ಎದ್ದವರು ಹನುಮಪ್ಪಜ್ಜ; ದಿನಗೂಲಿ ಗೊತ್ತುಮಾಡಿದ ಮೇಲಷ್ಟೇ ಗೌಡರ ಮನೆಗೆ ಮರಳಿದರಂತೆ.

‘ಹಡಗ ಬಿಡ್ರಿ ಸರ, ಇದನ್ನ ಬರೀರಿ. ನನ್ನ ಹೆಸರು ಹಾಕ್ರಿ. ಮೊಮ್ಮಕ್ಕಳು ಓದ್ಲಿ.’

ನಾಲ್ಕು ತಿಂಗಳು ಅವರು ಹೇಳಿದರು, ನಾನು ಬರೆದೆ. ಹಡಗನ್ನು ಮುಳುಗಿಸಿದೆ.

ಗಂಗಾಳ ಬೋರಲು ಹಾಕಿದ ಅಧ್ಯಾಯವನ್ನು ಕಟ್ಟೆಯ ಮೇಲೆ ಓದಿದ ದಿನ ಗೌಡರು ಟವೆಲ್ ಎತ್ತಲಿಲ್ಲ.

‘ಹನುಮ, ಬಾ ಇಲ್ಲಿ. ನಮ್ಮಪ್ಪನ ಕಾಲಕ್ಕ ನಮ್ಮ ಮನ್ಯಾಗ ಜೀತ ಇತ್ತೇನಲೇ?’

ಇತಿಹಾಸವೇ ಬಾಯಿ ತೆರೆಯಲಿದೆ ಎಂಬ ಭರವಸೆಯಿಂದ ನಾನು ಕನ್ನಡಕ ಸರಿಪಡಿಸಿಕೊಂಡೆ.

‘ಇಲ್ರೀ ಗೌಡ್ರ. ಮನೀ ಮಕ್ಕಳಂಗ ಇಟ್ಕೊಂಡಿದ್ರಿ. ಈ ಸರ ಏನೋ ಕಟ್ಟಿ ಬರದಾರ.’

ಕಟ್ಟೆಯವರೆಲ್ಲ ನಕ್ಕರು. ಅಂದಿನಿಂದ ರೊಟ್ಟಿ ನಿಂತಿತು.

ಮರುದಿನ ಕಾಲುವೆಯ ದಂಡೆಯಲ್ಲಿ ಅಜ್ಜನನ್ನು ತಡೆದೆ. ‘ಹೀಗೆ ಕೈಕೊಡುವುದಾ ಅಜ್ಜ?’

‘ನೀವು ಟ್ರಂಕ್ ಎತ್ಕೊಂಡು ಬಸ್ ಹತ್ತೀರಿ ಸರ. ನನ್ನ ಗುಡಿಸಲಾ ಬಸ್ ಹತ್ತಂಗಿಲ್ಲ. ಅದು ಅವರ ಜಾಗದಾಗ ಐತಿ.’ ಸಲಿಕೆಯನ್ನು ಹೆಗಲಿಗೇರಿಸಿ ಹೊರಟವರು ತಿರುಗಿ ಅಂದರು: ‘ನನ್ನ ಹೆಸರ ತಗೀರಿ.’

ನನಗೆ ಘೋರ ದ್ರೋಹವಾಗಿದೆ ಎಂದು ಘೋಷಿಸಿಕೊಂಡು ಟ್ರಂಕ್ ಎತ್ತಿದೆ, ಬಸ್ ಹತ್ತಿದೆ. ಅವರು ಹೇಳಿದಂತೆಯೇ ಮಾಡಿದೆನೆಂದು ಹೊಳೆದದ್ದು ಲಿಂಗಸುಗೂರಿನಲ್ಲಿ ಇಳಿದ ಮೇಲೆ. ಈಗ ಇಲ್ಲಿನ ಕಾಲೇಜಿಗೇ ವರ್ಗ ಮಾಡಿಸಿಕೊಂಡು ಇದ್ದೇನೆ. ರೊಟ್ಟಿ ಬಡಿಯಲು ಕಲಿತಿದ್ದೇನೆ, ದುಂಡಗಾಗುವುದಿಲ್ಲ. ಊರಿಗೆ ಹೋದರೆ ನನ್ನ ಮಾತು ಕೇಳಿ ‘ಘಟ್ಟದವ’ ಎನ್ನುತ್ತಾರೆ. ಇಲ್ಲಿಯವರಿಗೆ ನಾನಿನ್ನೂ ‘ಸಮುದ್ರದ ಕಡೆಯ ಸರ’.

ಕಾದಂಬರಿ ಕಳೆದ ತಿಂಗಳು ಅಚ್ಚಾಯಿತು. ಅದರಲ್ಲಿ ಹನುಮಪ್ಪಜ್ಜನ ಹೆಸರಿಲ್ಲ.