ಹತ್ತು ಕಿಲೋದೊಳಗಿನದು ಲೆಕ್ಕಕ್ಕಿಲ್ಲ

ಲಾರಿ ತೂಗುವ ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ಇಪ್ಪತ್ತಾರು ವರ್ಷ ಕೂತ ತೂಕದಣ್ಣನಿಗೆ, ಎದುರು ಬಂದ ಬೀಗರನ್ನೂ ಖಾಲಿಯೋ ಲೋಡೋ ಎಂದು ಕಣ್ಣಲ್ಲೇ ಅಳೆಯುವ ಚಾಳಿ. ಶ್ವಾಸಕೋಶದ ಕ್ಯಾನ್ಸರ್ ಬಹಳ ಮುಂದುವರಿದಿದೆ ಎಂದು ಗೊತ್ತಾದ ಮೇಲೂ ಆ ಚಾಳಿ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಮುಂದಿನ ಕೀಮೋ ತಡೆದುಕೊಳ್ಳಬೇಕಾದರೆ ತೂಕ ಇಳಿಯಬಾರದು ಎಂದಿದ್ದರು ಡಾಕ್ಟರು. ಹೆಂಡತಿ ಸೊಂಟ ಕಟ್ಟಿ ನಿಂತಳು. ತಟ್ಟೆ ಗೋಪುರವಾಯಿತು.

"ಇನ್ನೊಂದು ತುತ್ತು ರೀ."

"ಆಗಲ್ಲ ಕಣೇ. ವಾಸನೆಗೇ ಹೊಟ್ಟೆ ತೊಳಸುತ್ತೆ."

"ನನ್ನ ಅಡುಗೆ ವಾಸನೆ ಮೂವತ್ತು ವರ್ಷ ಆದ್ಮೇಲೆ ಗೊತ್ತಾಯ್ತಾ?"

ಈ ರಗಳೆ ತಪ್ಪಿಸಲು ಅವನು ಸೋಮವಾರ ಸೋಮವಾರ ವೇಬ್ರಿಡ್ಜಿನ ಮೇಲೆ ತಾನೇ ನಿಂತು ಚೀಟಿ ತರತೊಡಗಿದ. 'ವಾಹನ: ಸ್ವಂತ. ತೂಕ: 60 ಕಿಲೋ.' ಎಂಟು ವಾರವೂ ಅರವತ್ತೇ. ಹೆಂಡತಿ ನಾದಿನಿಗೆ ಫೋನು ಮಾಡಿ, "ಒಂದು ಗ್ರಾಂ ಇಳಿದಿಲ್ಲ" ಎಂದು ಬೀಗಿದಳು. ಅವನ ಪ್ಯಾಂಟು ಜಾರಿದ್ದಕ್ಕೆ ಬೈಸಿಕೊಂಡದ್ದು ಬೆಲ್ಟು.

ಕೀಮೋಗೆಂದು ಹೋದಾಗ ಆಸ್ಪತ್ರೆಯ ತೂಕದ ಯಂತ್ರ ಐವತ್ತೈದು ತೋರಿಸಿತು. ಎರಡು ತಿಂಗಳ ಹಿಂದೆ ಅದೇ ಯಂತ್ರದಲ್ಲಿ ಅರವತ್ನಾಲ್ಕಿತ್ತು.

"ನಿಮ್ಮ ಮಿಷನ್ ಕೆಟ್ಟಿದೆ ಸಿಸ್ಟರ್," ಎಂದಳು ಹೆಂಡತಿ.

ಅವನು ಗೋಡೆ ನೋಡುತ್ತಾ ಹೇಳಿದ: "ಕೆಟ್ಟಿಲ್ಲ ಕಣೇ. ನಮ್ಮ ವೇಬ್ರಿಡ್ಜು ತೋರ್ಸೋದೇ ಹತ್ತತ್ತು ಕಿಲೋ ಲೆಕ್ಕದಲ್ಲಿ. ಐವತ್ತೈದಿದ್ರೂ ಅರವತ್ತು, ಅರವತ್ನಾಲ್ಕಿದ್ರೂ ಅರವತ್ತು."

"ನಿಮಗೆ ಗೊತ್ತಿತ್ತಾ?"

"ಲಾರಿಯವರಿಗೆಲ್ಲ ಹೇಳ್ಕೊಡೋನು ನಾನೇ ಅಲ್ವಾ."

ಅವಳು ಸ್ಟೂಲೆಳೆದು ಕೂತಳು. "ಹಾಗಾದ್ರೆ ನಾನು ಬಡಿಸಿದ್ದೆಲ್ಲ ಎಲ್ಲಿಗೆ ಹೋಯ್ತು?"

"ನೀವು ಬಡಿಸಿದ್ದು ಸಾಲದೆ ಇಳಿದಿದ್ದಲ್ಲಮ್ಮ," ಎಂದಳು ನರ್ಸು. "ಈ ಕಾಯಿಲೆ ಹಸಿವನ್ನೂ ಕೊಲ್ಲುತ್ತೆ, ಮಾಂಸಖಂಡವನ್ನೂ ಒಳಗೊಳಗೇ ಕರಗಿಸುತ್ತೆ. ಬರೀ ಊಟದಿಂದ ಅದು ಪೂರ್ತಿ ನಿಲ್ಲಲ್ಲ. ಬಲವಂತ ಬೇಡ. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಡಿ, ಮೊಟ್ಟೆ, ಹಾಲು, ಬೇಳೆ. ಬಿಸಿಯ ವಾಸನೆ ಆಗ್ದಿದ್ರೆ ಆರಿಸಿ ಕೊಡಿ. ಅವರ ಕೈಲಾದಷ್ಟು ನಡೆದಾಡಿಸಿ. ವಾಕರಿಕೆಗೆ ಮಾತ್ರೆ ಬರೆಸ್ಕೊಡ್ತೀನಿ. ತೂಕ ಮಾತ್ರ ಮುಚ್ಚಿಡಬೇಡಿ, ಅಣ್ಣ."

ಡಾಕ್ಟರು ಕೀಮೋವನ್ನು ಎರಡು ವಾರ ಮುಂದೂಡಿದರು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಡಬ್ಬಿ ತೆರೆದು, ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಕೊಟ್ಟಳು.

"ಯಾಕ್ರೀ ಹೇಳಲಿಲ್ಲ?"

"ನೀನು ಹೆದರ್ತೀಯ ಅಂತ."

"ಈಗ ಹೆದರ್ಲಿಲ್ವಾ?"

ಅವನು ಹೋಳನ್ನು ಪೂರ್ತಿ ತಿಂದ. ಎದ್ದು ನಡೆಯೋಣವೆಂದು ಅವಳು ಅವನ ಮಣಿಕಟ್ಟು ಹಿಡಿದಳು. ಹೆಬ್ಬೆರಳೂ ತೋರುಬೆರಳೂ ಸುತ್ತಿಕೊಂಡು, ಒಂದನ್ನೊಂದು ದಾಟಿ ಹೋದವು.